ಪುಟ ತೆಗೆದರೂ ಹಳೇ ಪಿಡಿಎಫ್ ಹೋಗಲಿಲ್ಲವೇಕೆ?

ಪ್ರಶ್ನೆ: ನಮ್ಮ ಸಂಸ್ಥೆಯ ವೆಬ್‌ಸೈಟ್ ವರ್ಡ್‌ಪ್ರೆಸ್‌ನಲ್ಲಿದೆ, ನಾನೇ ನೋಡಿಕೊಳ್ಳುತ್ತೇನೆ. ಅರ್ಜಿ ನಮೂನೆ ಪ್ರತಿ ವರ್ಷ ಬದಲಾಗುತ್ತದೆ. ಹೊಸದನ್ನು ಹಾಕಿ, ಹಳೆಯ ಪುಟ ತೆಗೆದಿದ್ದೇನೆ. ಆದರೂ ಜನ ಹಳೇ ನಮೂನೆಯನ್ನೇ ತುಂಬಿ ಕಳಿಸುತ್ತಾರೆ. ಕೇಳಿದರೆ ಗೂಗಲ್‌ನಲ್ಲಿ ಸಿಕ್ಕಿತು ಅನ್ನುತ್ತಾರೆ. ಮೀಡಿಯಾ ಲೈಬ್ರರಿಯಲ್ಲಿ ‘ಅರ್ಜಿ’, ‘ಅರ್ಜಿ-1’, ‘ಅರ್ಜಿ-ಫೈನಲ್-2’ ಅಂತ ದೊಡ್ಡ ರಾಶಿಯೇ ಇದೆ. ಯಾವುದನ್ನು ಅಳಿಸಲಿ?

ಉತ್ತರ: ಸದ್ಯಕ್ಕೆ ಯಾವುದನ್ನೂ ಅಳಿಸಬೇಡಿ.

ಪುಟ ಬೇರೆ, ಫೈಲ್ ಬೇರೆ. ಪುಟದೊಳಗೆ ಇರುವುದು ಫೈಲಿನ ವಿಳಾಸ ಮಾತ್ರ. ಪುಟ ಹೋದರೂ ಫೈಲ್ ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ, ಆ ವರ್ಷ, ಆ ತಿಂಗಳ ಹೆಸರಿನ ಒಳಫೋಲ್ಡರ್‌ನಲ್ಲಿ ಹಾಗೇ ಕೂತಿರುತ್ತದೆ. ಯಾರಾದರೂ ಆ ವಿಳಾಸ ಒತ್ತಿದರೆ ಸರ್ವರ್ ಫೈಲನ್ನು ನೇರವಾಗಿ ಕೊಟ್ಟುಬಿಡುತ್ತದೆ, ಸಾಮಾನ್ಯವಾಗಿ ವರ್ಡ್‌ಪ್ರೆಸ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಪುಟಕ್ಕೆ ಪಾಸ್‌ವರ್ಡ್ ಹಾಕಿದರೆ ಅದರಲ್ಲಿರುವ ಪಿಡಿಎಫ್‌ಗೂ ಬೀಗ ಬಿತ್ತು ಅಂದುಕೊಳ್ಳುವವರು ಬಹಳ. ಬಿದ್ದಿರುವುದಿಲ್ಲ.

‘-1’ ನೀವು ಇಟ್ಟದ್ದಲ್ಲ, ಅಲ್ವಾ? ಅದೇ ಫೋಲ್ಡರ್‌ನಲ್ಲಿ ಅದೇ ಹೆಸರಿನ ಫೈಲ್ ಇದ್ದರೆ ವರ್ಡ್‌ಪ್ರೆಸ್ ಹಳೆಯದನ್ನು ಮುಟ್ಟುವುದಿಲ್ಲ. ಹೊಸದಕ್ಕೆ ಒಂದು ಅಂಕಿ ಅಂಟಿಸುತ್ತದೆ. ‘ಫೈನಲ್’ ಮಾತ್ರ ಮನುಷ್ಯರದೇ ಕೆಲಸ.

ಅಳಿಸಬೇಡಿ ಅಂದದ್ದಕ್ಕೆ ಕಾರಣವಿದೆ. ಲೈಬ್ರರಿಯಲ್ಲಿ ‘ಅನ್‌ಅಟ್ಯಾಚ್ಡ್’ (ಯಾವ ಪುಟಕ್ಕೂ ಅಂಟಿಲ್ಲದ್ದು) ಎಂಬ ಸೋಸುವ ಆಯ್ಕೆ ಸಿಗುತ್ತದೆ. ಯಾರೂ ಬಳಸದ ಫೈಲುಗಳ ಪಟ್ಟಿ ಅದು ಅಂತ ನಾನೂ ಒಮ್ಮೆ ನಂಬಿದ್ದೆ. ಎಲ್ಲವನ್ನೂ ಆರಿಸಿ ಅಳಿಸಿದೆ. ಸಂಜೆ ಹೊತ್ತಿಗೆ ಅರ್ಧ ಸೈಟಿನ ಲಿಂಕುಗಳು ಸತ್ತಿದ್ದವು. ಫೈಲನ್ನು ನೇರ ಲೈಬ್ರರಿಗೆ ಹಾಕಿದ್ದರೆ, ಹತ್ತು ಪುಟಗಳಲ್ಲಿ ಅದರ ಲಿಂಕ್ ಇದ್ದರೂ ಅದು ‘ಅನ್‌ಅಟ್ಯಾಚ್ಡ್’ ಅಂತಲೇ ಕಾಣಬಹುದು. ಸಾಲದ್ದಕ್ಕೆ, ಪುಟಗಳಿಗೆ ಇರುವಂಥ ಕಸದಬುಟ್ಟಿ ಮೀಡಿಯಾ ಫೈಲಿಗೆ ಮಾಮೂಲಿಯಾಗಿ ಇರುವುದಿಲ್ಲ. ಹೋದದ್ದು ಹೋಯಿತು, ಬ್ಯಾಕಪ್ ಇದ್ದರೆ ಬಚಾವ್.

ಹಾಗಾಗಿ ಮೊದಲು ಬ್ಯಾಕಪ್. ಆಮೇಲೆ ಪೇಜಸ್ ಪಟ್ಟಿಯ ಹುಡುಕು ಪೆಟ್ಟಿಗೆಯಲ್ಲಿ ಫೈಲಿನ ಹೆಸರು ಕೊಡಿ. ಪುಟದೊಳಗಿನ ಲಿಂಕಿನಲ್ಲಿ ಆ ಹೆಸರಿದ್ದರೂ ಸಿಗುತ್ತದೆ. ಪೋಸ್ಟ್ಸ್‌ನಲ್ಲೂ ಹೀಗೇ ನೋಡಿ. ಮೆನು, ವಿಜೆಟ್‌ಗಳನ್ನು ಕಣ್ಣಾರೆ ನೋಡಬೇಕು.

ಈಗ ಒಂದೇ ಒಂದು ವಿಳಾಸ ಆರಿಸಿ. ಅತಿ ಜಾಸ್ತಿ ಕಡೆ ಲಿಂಕ್ ಆಗಿರುವುದು, ಗೂಗಲ್‌ನಲ್ಲಿ ಮೇಲೆ ಬರುವುದು ಇರಲಿ. ‘ಎನೇಬಲ್ ಮೀಡಿಯಾ ರಿಪ್ಲೇಸ್’ ಎಂಬ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಹಾಕಿಕೊಂಡರೆ ಅದೇ ವಿಳಾಸದಲ್ಲಿ ಒಳಗಿನ ಫೈಲನ್ನು ಮಾತ್ರ ಬದಲಿಸಬಹುದು. ಹೊಸ ಹೆಸರು ಕೊಟ್ಟು ಲಿಂಕುಗಳನ್ನು ತಿದ್ದುವ ಆಯ್ಕೆಯೂ ಅದರಲ್ಲಿದೆ, ನಿಮಗೆ ಅದು ಬೇಡ. ಬೇರೆಯವರ ಸೈಟಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಲಿಂಕನ್ನು ಅದು ತಿದ್ದಲಾರದು. ಮುಂದಿನ ವರ್ಷವೂ ಇದೇ ವಿಳಾಸಕ್ಕೆ ಹೊಸ ಫೈಲ್.

ಮಿಕ್ಕ ಪ್ರತಿಗಳನ್ನು ಆಮೇಲೆ ಅಳಿಸಿ, ಆ ಹಳೇ ವಿಳಾಸಗಳಿಗೆ 301 ರೀಡೈರೆಕ್ಟ್ (ಅಲ್ಲಿಗೆ ಬಂದವರನ್ನು ನೀವು ಆರಿಸಿದ ವಿಳಾಸಕ್ಕೆ ಕಾಯಂ ಆಗಿ ಕಳಿಸುವ ಏರ್ಪಾಡು) ಕೊಡಿ. ಪ್ಲಗಿನ್‌ನಿಂದ ಮಾಡುವುದಾದರೆ ಈ ಕ್ರಮ ಮುಖ್ಯ. ಫೈಲ್ ಇನ್ನೂ ಅಲ್ಲೇ ಇದ್ದರೆ ಸರ್ವರ್ ಅದನ್ನೇ ಕೊಡುತ್ತದೆ, ರೀಡೈರೆಕ್ಟ್ ಸುಮ್ನೆ ಕೂತಿರುತ್ತದೆ.

ಮುಂದೆ ಹೊಸ ನಮೂನೆ ಸೇರಿಸುವಾಗ ಫೈಲಿನ ಹೆಸರಿನಲ್ಲಿ ವರ್ಷ ಹಾಕಬೇಡಿ. ಸುತ್ತೋಲೆ, ಸಭೆಯ ನಡಾವಳಿಗೆ ಮಾತ್ರ ವರ್ಷ ಇರಲೇಬೇಕು, ಅವು ದಾಖಲೆ. ಕನ್ನಡದಲ್ಲಿ ಹೆಸರಿಡುವ ಆಸೆ ನನಗೂ ಇದೆ. ಆದರೆ ಲಿಂಕ್ ನಕಲು ಮಾಡಿದಾಗ ‘ಅರ್ಜಿ’ ಎಂಬ ಪುಟ್ಟ ಪದ 45 ಚಿಹ್ನೆಗಳ ಬಾಲವಾಗಬಹುದು. ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲಿರಲಿ, ಜಾಗ ಬಿಡುವ ಬದಲು ಅಡ್ಡಗೆರೆ ಹಾಕಿ. ಲೈಬ್ರರಿಯ ಶೀರ್ಷಿಕೆಯನ್ನು ಕನ್ನಡದಲ್ಲೇ ಬರೆಯಿರಿ, ಅದಕ್ಕೆ ಅಡ್ಡಿಯಿಲ್ಲ.

ಬದಲಿಸಿದ ಮೇಲೂ ಹಳೇ ನಮೂನೆಯೇ ತೆರೆದರೆ ಗಾಬರಿಯಾಗಿ ಮತ್ತೊಮ್ಮೆ ಅಪ್‌ಲೋಡ್ ಮಾಡಬೇಡಿ. ಬಹುಪಾಲು ಅದು ಕ್ಯಾಶ್, ಅಂದರೆ ಬೇಗ ತೆರೆಯಲೆಂದು ಉಳಿಸಿಟ್ಟ ಹಳೇ ಪ್ರತಿ. ಸೈಟಿನ ಕ್ಯಾಶ್ ಖಾಲಿ ಮಾಡಿ, ಬ್ರೌಸರ್‌ನ ಪ್ರೈವೇಟ್ ಕಿಟಕಿಯಲ್ಲಿ ತೆರೆದು ನೋಡಿ.