ಬೆರಳಿಗೆ ಕಂಬಿ ಹಾಕಿದ ಮೇಲೂ ಮಡಚಬೇಕಾ?

ಪ್ರಶ್ನೆ: ಕಾಳುಮೆಣಸು ಕುಯ್ಯುವಾಗ ಏಣಿ ಜಾರಿ ಉಂಗುರ ಬೆರಳಿನ ನಡು ಗೆಣ್ಣು ಮುರಿಯಿತು. ಬೆರಳಿನ ಹೊರಗೆ ಕಂಬಿ, ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಡಾಕ್ಟರು ದಿನಾ ಮಡಚಿ ಎನ್ನುತ್ತಾರೆ. ಮನೆಯವರು ಅಲ್ಲಾಡಬಾರದು ಎಂದು ಬಟ್ಟೆ ಬಿಗಿದಿದ್ದಾರೆ. ಯಾರ ಮಾತು ಕೇಳಲಿ?
– ವಿರಾಜಪೇಟೆ ಕಡೆಯ ಓದುಗರು

ಉತ್ತರ: ಡಾಕ್ಟರ ಮಾತು. ಆ ಬಟ್ಟೆ ಇವತ್ತೇ ಬಿಚ್ಚಿ. ಮೆಣಸಿನ ಕುಯ್ಲಿನಲ್ಲಿ ಒಂದಷ್ಟು, ಏಪ್ರಿಲ್-ಮೇ ಹಾಕಿ ಪಂದ್ಯಗಳ ಹೊತ್ತಿಗೆ ಇನ್ನಷ್ಟು, ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಚೆನ್ನಾಗಿ ಆದ ಆಪರೇಷನ್ ಮನೆಯಲ್ಲಿ ಕೆಡುವುದನ್ನು ನೋಡಿ ನನಗೆ ಸಂಕಟವಾಗುತ್ತದೆ.

ಮುಂಗೈ ಮೂಳೆ ಮುರಿದರೆ ಅಲ್ಲಾಡಿಸಬಾರದು, ನಿಜ. ಗೆಣ್ಣಿನ ಕಥೆ ಬೇರೆ. ಕೀಲಿನೊಳಗೆ ಮೂಳೆ ಪುಡಿಯಾದಾಗ ಬೆರಳನ್ನು ಎಳೆಯುವ ಸ್ನಾಯುಗಳು ಎರಡೂ ಮೂಳೆಗಳನ್ನು ಒಂದಕ್ಕೊಂದು ಒತ್ತುತ್ತವೆ. ಚೂರುಗಳು ಕುಸಿದು, ಮೂಳೆ ಜಾಗ ಬಿಟ್ಟು ಜಾರುತ್ತದೆ. ಸ್ಕ್ರೂ ಹಾಕೋಣ ಎಂದರೆ ಚೂರುಗಳು ತೀರಾ ಸಣ್ಣವು. ಅದಕ್ಕೇ ಹೊರಗಿನ ಕಂಬಿ. ರಬ್ಬರ್ ಬ್ಯಾಂಡ್ ಬೆರಳನ್ನು ಉದ್ದಕ್ಕೆ ಎಳೆದು ಹಿಡಿಯುತ್ತದೆ, ಕೀಲಿನ ಸುತ್ತಲಿನ ಪಟ್ಟಿಗಳು ಬಿಗಿಯಾಗಿ ಚೂರುಗಳನ್ನು ಸಾಲಿಗೆ ತರುತ್ತವೆ. ಆ ಎಳೆತ ಇರುವಾಗಲೇ ಮಡಚಿದರೆ ಕೀಲು ನಯವಾಗಿ ಕೂಡಿಕೊಳ್ಳುತ್ತದೆ. ನಡು ಗೆಣ್ಣು ಮೂರು ವಾರ ಸುಮ್ನೆ ಇದ್ದರೂ ಸಾಕು, ಬಿಗಿದುಕೊಳ್ಳುತ್ತದೆ. ಆಮೇಲೆ ಕತ್ತಿ ಹಿಡಿಯೋಕೂ ಕಷ್ಟ.

ಆದರೆ ಇದನ್ನು ಓದಿ ಎಲ್ಲರೂ ಮಡಚಲು ಹೊರಡಬೇಡಿ! ಕೆಲವರಿಗೆ ಕೀಲನ್ನೇ ದಾಟಿಸಿ ಕಂಬಿ ತೂರಿಸಿರುತ್ತಾರೆ. ಅವರು ಮಡಚಲೇಬಾರದು. ನಿಮ್ಮದು ಯಾವುದು ಎಂದು ಹಾಕಿದವರನ್ನೇ ಕೇಳಿ.

ಕಂಬಿ ಸಾಮಾನ್ಯವಾಗಿ 4ರಿಂದ 6 ವಾರ ಇರುತ್ತದೆ. ಅಲ್ಲಿವರೆಗೆ ತೋಟದ ಮಣ್ಣು, ಗೊಬ್ಬರ ಮುಟ್ಟಬೇಡಿ. ಕಂಬಿಯ ತೂತಿಗೆ ಅರಿಶಿನ, ಸೊಪ್ಪಿನ ರಸ ಯಾವುದೂ ಬೇಡ. ಆ ತೂತು ನೇರ ಮೂಳೆಗೇ ಹೋಗುತ್ತದೆ. ಕೆಂಪಾಗಿ ನೋವು ಜಾಸ್ತಿಯಾದರೆ, ಕೀವು ಬಂದರೆ, ರಬ್ಬರ್ ಕಿತ್ತುಹೋದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮನೆಯಲ್ಲಿರುವ ರಬ್ಬರ್ ಸಿಕ್ಕಿಸಿಕೊಳ್ಳಬೇಡಿ, ಎಳೆತ ಎಷ್ಟಿರಬೇಕು ಎಂದು ಲೆಕ್ಕ ಹಾಕಿಯೇ ಅದನ್ನು ಹಾಕಿರುತ್ತಾರೆ.

ಪ್ರಶ್ನೆ: ಹಾಕಿ ಚೆಂಡು ಬಡಿದು ಗೆಣ್ಣು ಊದಿದೆ. ಬೆರಳು ಮಡಚಲು ಬರುತ್ತದೆ, ಅಂದರೆ ಬರೀ ಉಳುಕು ಅಲ್ವಾ? ಎಳೆದು ಕೂರಿಸುವವರ ಹತ್ತಿರ ಹೋಗಲಾ?

ಉತ್ತರ: ಮುರಿದ ಬೆರಳೂ ಮಡಚುತ್ತದೆ. ಎಕ್ಸ್-ರೇ ತೆಗೆಸಿ, ಪಕ್ಕದಿಂದ ತೆಗೆದದ್ದೂ ಇರಲಿ. ಎಳೆಯುವವರ ಹತ್ತಿರ ಖಂಡಿತ ಬೇಡ. ಎಣ್ಣೆ ಹಚ್ಚಿ ಎಳೆಸಿಕೊಂಡು, ತಿಂಗಳಾದ ಮೇಲೆ ಸೊಟ್ಟ ಬೆರಳು ಹಿಡಿದುಕೊಂಡು ಬಂದವರಿಗೆ ನಾನು ಮಾಡಬಹುದಾದದ್ದು ಬಹಳ ಕಡಿಮೆ.

ಪ್ರಶ್ನೆ: ಕಾಲು ಸೂಪ್ ಕುಡಿದರೆ ಮೂಳೆ ಬೇಗ ಕೂಡುತ್ತದಾ?

ಉತ್ತರ: ಇಲ್ಲ. ಬೇಗ ಕೂಡಬೇಕೆಂದರೆ ಬೀಡಿ, ಸಿಗರೇಟು ಬಿಡಿ.