ಹಿಡಿಕೆಯ ಲೆಕ್ಕ, ನಾಡಿಯ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಮನೆಯ ಟ್ರೆಡ್‌ಮಿಲ್, ಸೈಕಲ್‌ಗಳಲ್ಲಿ ಎದೆಬಡಿತ ತೋರಿಸುವ ಭಾಗ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ದೂರು. ಇಪ್ಪತ್ತೆರಡು ವರ್ಷಗಳಿಂದ ಈ ಯಂತ್ರಗಳನ್ನು ಬಿಚ್ಚಿ ಜೋಡಿಸುವುದೇ ನನ್ನ ಕಸುಬು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಇವಕ್ಕೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನನಗೆ 61 ವರ್ಷ, ನಿವೃತ್ತ ಶಿಕ್ಷಕಿ. ಎರಡು ವರ್ಷದಿಂದ ಟ್ರೆಡ್‌ಮಿಲ್ ಮೇಲೆ ನಿಧಾನವಾಗಿ ನಡೆಯುತ್ತೇನೆ. ಮೊದಲು ಸರಿಯಿತ್ತು. ಈಗ ಹಿಡಿಕೆ ಹಿಡಿದರೆ ಒಮ್ಮೆ 48 ಅನ್ನುತ್ತದೆ, ಒಮ್ಮೆ 190 ಅನ್ನುತ್ತದೆ, ಒಮ್ಮೊಮ್ಮೆ ಏನೂ ತೋರಿಸುವುದಿಲ್ಲ. 190 ಕಂಡಾಗ ಹೆದರಿ ಇಳಿದುಬಿಟ್ಟೆ. ಇಳಿದು ಕೈನಾಡಿ ಎಣಿಸಿಕೊಂಡರೆ 96 ಇತ್ತು. ಮಗ ಡಿಸ್‌ಪ್ಲೇ ಬದಲಾಯಿಸೋಣ ಅನ್ನುತ್ತಾನೆ. ಬದಲಾಯಿಸಬೇಕೆ?

ಉತ್ತರ: ಬೇಡ, ಸದ್ಯಕ್ಕಂತೂ ಬೇಡ. ನೀವು ಇಳಿದು ನಾಡಿ ಎಣಿಸಿದಿರಲ್ಲ, ನನ್ನ ಅರ್ಧ ಕೆಲಸ ಅಲ್ಲೇ ಮುಗಿಯಿತು. 48 ಎಂದರೆ 96ರ ಸರಿ ಅರ್ಧ. 190 ಎಂದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಯಂತ್ರ ಬಾಯಿಗೆ ಬಂದದ್ದು ಹೇಳುತ್ತಿಲ್ಲ, ಎಣಿಸುವುದರಲ್ಲಿ ತಪ್ಪುತ್ತಿದೆ. ಒಂದು ಬಿಟ್ಟು ಒಂದು ಬಡಿತ ಕೇಳಿಸಿದರೆ ಅರ್ಧ ಬರುತ್ತದೆ. ಹೃದಯದ ಪ್ರತಿ ಬಡಿತದಲ್ಲೂ ಒಂದು ಚೂಪಾದ ದೊಡ್ಡ ಅಲೆ, ಅದರ ಹಿಂದೆಯೇ ಒಂದು ಚಿಕ್ಕ ಗುಂಡನೆಯ ಅಲೆ ಬರುತ್ತವೆ. ಚಿಕ್ಕದನ್ನೂ ಬಡಿತವೆಂದು ಎಣಿಸಿಕೊಂಡರೆ ಎರಡರಷ್ಟು ಬರುತ್ತದೆ. ಎರಡಕ್ಕೂ ಕಾರಣ ಸಾಮಾನ್ಯವಾಗಿ ಒಂದೇ: ಅಂಗೈಯಿಂದ ಲೋಹದ ಪಟ್ಟಿಗೆ ಸಿಗುವ ಸಂಕೇತ ತೀರಾ ದುರ್ಬಲವಾಗಿದೆ, ಅಥವಾ ಅದರಲ್ಲಿ ಗದ್ದಲ ಸೇರಿದೆ.

ಹಿಡಿಕೆ ನಿಮ್ಮ ರಕ್ತದ ಮಿಡಿತವನ್ನು ಮುಟ್ಟಿ ನೋಡುವುದಿಲ್ಲ, ಹೃದಯದ ವಿದ್ಯುತ್ತನ್ನು ಕೇಳಿಸಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರಲ್ಲ, ಅದೇ ವಿದ್ಯೆ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ವಿಲೆಮ್ ಐಂಥೋವನ್ 1903ರ ಹೊತ್ತಿಗೆ ಈ ಅಳತೆಯನ್ನು ಮಾಡಿ ತೋರಿಸಿದಾಗ ಅಂಟಿಸುವ ಪಟ್ಟಿಗಳಿರಲಿಲ್ಲ. ರೋಗಿಯ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಸಿ ಕೂರಿಸುತ್ತಿದ್ದರು. ಆ ಕೆಲಸಕ್ಕೆ 1924ರಲ್ಲಿ ಅವರಿಗೆ ನೊಬೆಲ್ ಬಂತು. ಬಲಗೈಗೂ ಎಡಗೈಗೂ ನಡುವಿನ ವ್ಯತ್ಯಾಸವನ್ನು ನಿಮ್ಮ ಹಿಡಿಕೆ ಇವತ್ತೂ ಹಾಗೆಯೇ ಅಳೆಯುತ್ತದೆ. ಒಂದು ಕೈ ಮಾತ್ರ ಹಿಡಿದರೆ ಅಂಕಿ ಬಾರದಿರುವುದು ಇದಕ್ಕೇ. ಆ ವಿದ್ಯುತ್ತು ಸುಮಾರು ಒಂದು ಮಿಲಿವೋಲ್ಟ್, ಅಂದರೆ ವೋಲ್ಟಿನ ಸಾವಿರದಲ್ಲೊಂದು ಪಾಲು. ಐಂಥೋವನ್ ಅವರ ಉಪ್ಪುನೀರಿನ ಜಾಗದಲ್ಲಿ ಈಗ ಇರುವುದು ನಿಮ್ಮ ಅಂಗೈಯ ತೇವ ಮಾತ್ರ. ವಯಸ್ಸಾದಂತೆ ಚರ್ಮ ಒಣಗುತ್ತದೆ. ಅಂಗೈಗೆ ಕ್ರೀಮ್ ಹಚ್ಚಿಕೊಂಡಿದ್ದರಂತೂ ಮುಗಿಯಿತು, ಆ ಪದರ ವಿದ್ಯುತ್ತನ್ನು ತಡೆಯುತ್ತದೆ.

ಹಿಡಿಕೆಯನ್ನು ಬೆಳಕಿಗೆ ಹಿಡಿದು ನೋಡಿ. ಪ್ರತಿ ಬದಿಯಲ್ಲೂ ಎರಡೆರಡು ಲೋಹದ ಪಟ್ಟಿಗಳು, ಅವುಗಳ ನಡುವೆ ಪ್ಲಾಸ್ಟಿಕ್ಕಿನ ಸಣ್ಣ ಸಂದು ಇರುತ್ತವೆ. ಎರಡು ವರ್ಷ ಬಳಸಿದ ಯಂತ್ರವಾದರೆ ಆ ಸಂದಿನಲ್ಲಿ ಬಿಳಿ ಗೆರೆಯೊಂದು ಕೂತಿರುತ್ತದೆ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಅದು ಒಣಗಿದ ಬೆವರಿನ ಉಪ್ಪು. ಅದಕ್ಕೆ ತೇವ ತಗುಲಿದರೆ ಪ್ರತ್ಯೇಕವಾಗಿ ಇರಬೇಕಾದ ಎರಡು ಪಟ್ಟಿಗಳ ನಡುವೆ ಸೇತುವೆ ಬೀಳುತ್ತದೆ. ಪಟ್ಟಿಯ ಮೇಲಂತೂ ಎಣ್ಣೆಜಿಡ್ಡಿನ ತೆಳು ಪೊರೆ ಇದ್ದೇ ಇರುತ್ತದೆ. ನೋಡಿದರೆ ಹೊಳೆಯುತ್ತಿರುತ್ತದೆ, ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಕಪ್ಪಗಾಗುತ್ತದೆ. ಒಂದೆರಡು ಹನಿ ಸೋಪಿನ ನೀರು ಹಾಕಿ ಹಿಂಡಿದ ಬಟ್ಟೆಯಿಂದ ಒರೆಸಿ, ಮೆತ್ತನೆಯ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಂದು ತೆಗೆದು, ಪೂರ್ತಿ ಒಣಗಿಸಿ. ಪಾತ್ರೆ ಉಜ್ಜುವ ನಾರು ಮುಟ್ಟಿಸಬೇಡಿ. ಎಷ್ಟೋ ಯಂತ್ರಗಳಲ್ಲಿ ಅದು ಪ್ಲಾಸ್ಟಿಕ್ ಮೇಲಿನ ಲೋಹದ ಲೇಪ, ಉಜ್ಜಿದರೆ ಎದ್ದೇ ಹೋಗುತ್ತದೆ.

ಈಗ ಪರೀಕ್ಷೆ. ಬೆಲ್ಟ್ ನಿಲ್ಲಿಸಿ, ಎರಡೂ ಬದಿಯ ಅಂಚಿನ ಮೇಲೆ ಕಾಲಿಟ್ಟು ನಿಲ್ಲಿ. ಅಂಗೈಯನ್ನು ನೀರಿನಲ್ಲಿ ಒದ್ದೆ ಮಾಡಿ ಲಘುವಾಗಿ ಒರೆಸಿಕೊಂಡು, ನಾಲ್ಕೂ ಪಟ್ಟಿಗಳು ಅಂಗೈಗೆ ತಾಗುವಂತೆ ಹಿಡಿಯಿರಿ. ಮೊಟ್ಟೆ ಹಿಡಿದಷ್ಟೇ ಬಿಗಿ ಸಾಕು. ಗಟ್ಟಿಯಾಗಿ ಅದುಮಿದರೆ ತೋಳಿನ ಸ್ನಾಯುಗಳೂ ವಿದ್ಯುತ್ತು ಹೊರಡಿಸುತ್ತವೆ, ಆ ಗದ್ದಲದಲ್ಲಿ ಹೃದಯದ ಸದ್ದು ಮುಳುಗಿಹೋಗುತ್ತದೆ. ಹೆದರಿದಾಗ ನಾವು ಮಾಡುವುದು ಇದನ್ನೇ: ಅಂಕಿ ಏರಿತೆಂದು ಹಿಡಿಕೆಯನ್ನು ಇನ್ನಷ್ಟು ಬಿಗಿಯುತ್ತೇವೆ, ಅಂಕಿ ಇನ್ನಷ್ಟು ಕೆಡುತ್ತದೆ. ಮಾತಾಡದೆ ಮೂವತ್ತು ಸೆಕೆಂಡ್ ನಿಂತು ನೋಡಿ. ಆಗ ಸರಿಯಾಗಿ ಬಂದು ನಡೆಯುವಾಗ ಮಾತ್ರ ಕೆಟ್ಟರೆ ಯಂತ್ರದಲ್ಲಿ ದೋಷವಿಲ್ಲ. ಈ ಹಿಡಿಕೆಗಳು ಓಡುವಾಗ ಹಿಡಿಯಲಿಕ್ಕೆಂದು ಆದವಲ್ಲ. ನಿಧಾನ ಮಾಡಿ, ಹಿಡಿದು, ನೋಡಿ, ಬಿಟ್ಟುಬಿಡಬೇಕು.

ನಿಂತರೂ ಕೆಟ್ಟದ್ದೇ ಬಂದರೆ ಮಗನನ್ನು ಹಿಡಿಯಲು ಹೇಳಿ. ಅವನಿಗೆ ಸರಿ ಬಂದರೆ ಸಮಸ್ಯೆ ಹೆಚ್ಚಾಗಿ ಅಂಗೈಯ ಒಣಚರ್ಮದ್ದು, ಆದರೆ ಹಾಗೆಂದು ಬಿಡುವ ಮೊದಲು ನಾಡಿ ಒಂದೇ ಲಯದಲ್ಲಿದೆಯೇ ಎಂದು ನೋಡಿಕೊಳ್ಳಿ, ಏಕೆಂದು ಕೊನೆಯ ಉತ್ತರದಲ್ಲಿ ಹೇಳಿದ್ದೇನೆ. ಅವನಿಗೂ ಬಾರದಿದ್ದರೆ ವೈರ್. ಹಿಡಿಕೆಯಿಂದ ಸಣ್ಣ ವೈರೊಂದು ಹೊರಟು ಡಿಸ್‌ಪ್ಲೇ ಹಿಂದಿನ ಪ್ಲಗ್ಗಿಗೆ ಸೇರುತ್ತದೆ. ಯಂತ್ರವನ್ನು ಜಾಗ ಬದಲಿಸಿದಾಗ, ಕಂಬ ಬಿಚ್ಚಿ ಜೋಡಿಸಿದಾಗ ಆ ಪ್ಲಗ್ ಅರ್ಧ ಕಳಚಿಕೊಳ್ಳುತ್ತದೆ, ಇಲ್ಲವೇ ವೈರ್ ಸ್ಕ್ರೂವಿನಡಿ ಸಿಕ್ಕಿ ನಜ್ಜಾಗುತ್ತದೆ. ಕರೆಂಟಿನ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು, ಮಗನೇ ಮುಚ್ಚಳ ತೆಗೆದು ಪ್ಲಗ್ಗನ್ನು ಒತ್ತಿ ಕೂರಿಸಬಹುದು. ಕೆಳಗಿನ ಮೋಟಾರಿನ ಮುಚ್ಚಳಕ್ಕೆ ಕೈ ಹಾಕುವುದು ಬೇಡ. ಡಿಸ್‌ಪ್ಲೇ ಬದಲಿಸುವ ಮಾತು ಇಷ್ಟೆಲ್ಲ ಆದಮೇಲೆ. ಅಷ್ಟು ದೂರ ಹೋದ ಮನೆಗಳು ನನ್ನ ಅನುಭವದಲ್ಲಿ ಬಹಳ ಕಡಿಮೆ.

ಪ್ರಶ್ನೆ: ಎದೆಗೆ ಕಟ್ಟುವ ಪಟ್ಟಿ ಬಳಸುತ್ತೇನೆ. ಮೊದಲ ಹತ್ತು ನಿಮಿಷ 200, 220 ಎಂದೆಲ್ಲ ತೋರಿಸುತ್ತದೆ, ಬೆವರು ಬಂದಮೇಲೆ ತಾನೇ ಸರಿಹೋಗುತ್ತದೆ. ಸೆಲ್ ಕೂಡ ಎರಡೇ ತಿಂಗಳಿಗೆ ಖಾಲಿ. ಪಟ್ಟಿ ಕೆಟ್ಟಿದೆಯೇ?

ಉತ್ತರ: ಬೆವರು ಬಂದಮೇಲೆ ಸರಿಹೋಗುತ್ತದೆ ಎಂದು ನೀವೇ ಬರೆದಿದ್ದೀರಿ, ಉತ್ತರ ಅದರಲ್ಲೇ ಇದೆ. ಕಟ್ಟುವ ಮೊದಲು ಪಟ್ಟಿಯ ಒಳಬದಿಯ ಎರಡು ರಬ್ಬರಿನಂಥ ಜಾಗಗಳನ್ನು ನಲ್ಲಿಯಡಿ ಒದ್ದೆ ಮಾಡಿ, ಎದೆಮೂಳೆಯ ಕೆಳತುದಿಯ ಮಟ್ಟಕ್ಕೆ, ಉಸಿರೆಳೆದಾಗ ಜಾರದಷ್ಟು ಬಿಗಿಯಾಗಿ ಕಟ್ಟಿ. ಜೊತೆಗೆ ಅಂಗಿ ಯಾವುದೆಂದು ನೋಡಿ. ಗಾಳಿ ಒಣಗಿದ ದಿನಗಳಲ್ಲಿ ಸಡಿಲ ಪಾಲಿಯೆಸ್ಟರ್ ಅಂಗಿ ಪಟ್ಟಿಗೆ ಉಜ್ಜಿ ಹುಟ್ಟುವ ಸ್ಥಿರ ವಿದ್ಯುತ್ತು ಬಡಿತದ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಹತ್ತಿಯ ಅಂಗಿ ತೊಟ್ಟು ಒಂದು ದಿನ ನೋಡಿ.

ಸೆಲ್ ವಿಷಯ: ವ್ಯಾಯಾಮ ಮುಗಿದಮೇಲೆ ಗುಂಡಿಯಂತಿರುವ ಭಾಗವನ್ನು ಪಟ್ಟಿಯಿಂದ ಕಳಚಿಡುತ್ತೀರಾ? ಒದ್ದೆ ಪಟ್ಟಿಗೆ ಅದು ಸಿಕ್ಕಿಕೊಂಡೇ ಇದ್ದರೆ ಯಾರೋ ತೊಟ್ಟಿದ್ದಾರೆಂದು ತಿಳಿದು ರಾತ್ರಿಯಿಡೀ ಎಚ್ಚರವಾಗಿರುತ್ತದೆ. ಬಹುತೇಕ ಪಟ್ಟಿಗಳಲ್ಲಿ ಇರುವುದು ಸಿಆರ್ 2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್, ಹೀಗೆ ದುಡಿಸಿದರೆ ಬೇಗ ಸೋಲುತ್ತದೆ. ಕಳಚಿ, ಪಟ್ಟಿ ತೊಳೆದು, ನೆರಳಲ್ಲಿ ಒಣಗಿಸಿ. ಇನ್ನೊಂದು ಮಾತು. ಹಳೆಯ ಪಟ್ಟಿಗಳು 5 ಕಿಲೋಹರ್ಟ್ಸ್‌ನಲ್ಲಿ ಹೆಚ್ಚೆಂದರೆ ಒಂದು ಮೀಟರ್ ದೂರಕ್ಕೆ ಸಂಕೇತ ಕಳಿಸುತ್ತವೆ. ಪಕ್ಕದಲ್ಲೇ ದೊಡ್ಡ ಮೋಟಾರು ಓಡುತ್ತಿದ್ದರೆ, ಇಲ್ಲವೇ ಇನ್ನೊಬ್ಬರು ಅಂಥದೇ ಪಟ್ಟಿ ಕಟ್ಟಿ ನಿಂತಿದ್ದರೆ ಗೊಂದಲವಾಗುತ್ತದೆ. ಬ್ಲೂಟೂತ್ ಪಟ್ಟಿಯಾದರೆ ಈ ತೊಂದರೆ ಇಲ್ಲ, ಆದರೆ ನಿಮ್ಮ ಯಂತ್ರ ಬ್ಲೂಟೂತ್ ಹಿಡಿಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಪ್ರಶ್ನೆ: ಸೈಕಲ್‌ನ ಪರದೆಯಲ್ಲಿ ಬಡಿತ 118, ನನ್ನ ಕೈಗಡಿಯಾರದಲ್ಲಿ 84. ಪೆಡಲ್ ವೇಗವೂ ನಿಮಿಷಕ್ಕೆ 84. ಯಾವುದನ್ನು ನಂಬಲಿ?

ಉತ್ತರ: 118. ಗಡಿಯಾರ ಚರ್ಮದೊಳಕ್ಕೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತ ನೋಡುತ್ತದೆ. ಮೈ ಒಂದೇ ಲಯದಲ್ಲಿ ಅಲುಗುತ್ತಿದ್ದರೆ ಆ ಲಯವನ್ನೇ ಬಡಿತವೆಂದು ಹಿಡಿದುಬಿಡಬಹುದು. ಗಡಿಯಾರವನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಏರಿಸಿ ಬಿಗಿಯಾಗಿ ಕಟ್ಟಿ. ಪೆಡಲ್ ವೇಗ ಬದಲಿಸಿದಾಗ ಅಂಕಿಯೂ ಜೊತೆಗೇ ಕುಣಿದರೆ ಅದು ಬಡಿತವಲ್ಲ.

ಪ್ರಶ್ನೆ: ನಮ್ಮ ಟ್ರೆಡ್‌ಮಿಲ್‌ನಲ್ಲಿ ಬಡಿತಕ್ಕೆ ತಕ್ಕಂತೆ ವೇಗ ತಾನೇ ಬದಲಾಗುವ ಪ್ರೋಗ್ರಾಂ ಇದೆ. ಮೊನ್ನೆ ನಡುವೆ ಇದ್ದಕ್ಕಿದ್ದಂತೆ ವೇಗ ಏರಿ ಬೀಳುವ ಹಾಗಾಯಿತು.

ಉತ್ತರ: ದಯವಿಟ್ಟು ಇಂದೇ ಆ ಪ್ರೋಗ್ರಾಂ ನಿಲ್ಲಿಸಿ. ಮೇಲಿನ ಶಿಕ್ಷಕಿಯ ಹಿಡಿಕೆ 96ರ ಬದಲು 48 ತೋರಿಸಿತಲ್ಲ, ಆ ಕ್ಷಣದಲ್ಲಿ ಈ ಪ್ರೋಗ್ರಾಂ ಓಡುತ್ತಿದ್ದರೆ ‘ಇವರಿಗೆ ಶ್ರಮ ಸಾಲದು’ ಎಂದು ಯಂತ್ರ ವೇಗ ಏರಿಸುತ್ತಿತ್ತು. ನಿಮಗೆ ಆದದ್ದೂ ಬಹುಶಃ ಇದೇ. ಕೈಹಿಡಿಕೆ ನಂಬಿ ಆ ಪ್ರೋಗ್ರಾಂ ಓಡಿಸಲೇಬಾರದು. ಎದೆಪಟ್ಟಿ ಕಟ್ಟಿಕೊಂಡು, ಅದರ ಅಂಕಿ ಕೈನಾಡಿಗೆ ಸರಿಹೊಂದುತ್ತದೆಂದು ಖಚಿತವಾದಮೇಲೆ ಬೇಕಾದರೆ ಬಳಸಿ. ಮತ್ತು ಕಿತ್ತು ಬಂದರೆ ಬೆಲ್ಟನ್ನು ನಿಲ್ಲಿಸುವ ಕೆಂಪು ಸೇಫ್ಟಿ ಕೀಯ ದಾರವನ್ನು ಅಂಗಿಗೆ ಸಿಕ್ಕಿಸಿಕೊಳ್ಳದೆ ಬೆಲ್ಟ್ ಮೇಲೆ ಹತ್ತಬೇಡಿ. ಎಷ್ಟೋ ಮನೆಗಳಲ್ಲಿ ಅದು ಯಂತ್ರಕ್ಕೇ ನೇತಾಡುತ್ತಿರುತ್ತದೆ, ನೋಡಿದಾಗೆಲ್ಲ ಎದೆ ಝಲ್ಲೆನ್ನುತ್ತದೆ.

ಪ್ರಶ್ನೆ: ನನ್ನ ಯಜಮಾನರಿಗೆ 55. ಯಂತ್ರದ ಮೇಲಿನ ಚಾರ್ಟ್ ಪ್ರಕಾರ ಗರಿಷ್ಠ ಬಡಿತ 165. ಇವರದು ಎಷ್ಟು ಬೆವರಿದರೂ 110 ದಾಟುವುದಿಲ್ಲ. ಸೆನ್ಸರ್ ಕೆಟ್ಟಿದೆಯೇ? ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ.

ಉತ್ತರ: ನಿಲ್ಲಿಸಿದ ಕೂಡಲೇ ಅವರ ನಾಡಿಯನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. 110ರ ಹತ್ತಿರ ಬಂದರೆ ಸೆನ್ಸರ್ ನಿಜವನ್ನೇ ಹೇಳುತ್ತಿದೆ. ಬಿಪಿಗೆ ಕೊಡುವ ಮಾತ್ರೆಗಳಲ್ಲಿ ಬೀಟಾ ಬ್ಲಾಕರ್ ಎಂಬ ಒಂದು ಗುಂಪು ಇದೆ, ಅದು ಬಡಿತ ಏರದಂತೆ ಹಿಡಿದಿಡುತ್ತದೆ. ಇವರದು ಅದೇ ಮಾತ್ರೆಯೇ ಎಂದು ವೈದ್ಯರನ್ನು ಕೇಳಿ. ಹೌದಾದರೆ ಚಾರ್ಟಿನ ಅಂಕಿ ಮುಟ್ಟಿಸಲು ಅವರನ್ನು ಓಡಿಸಬೇಡಿ. ಎಷ್ಟು ಶ್ರಮ ಸರಿ ಎಂಬುದನ್ನೂ ವೈದ್ಯರೇ ಹೇಳಲಿ. ಮಾತ್ರೆ ಇಲ್ಲದವರಿಗೂ 220ರಿಂದ ವಯಸ್ಸು ಕಳೆಯುವ ಆ ಲೆಕ್ಕ ಬರೀ ಅಂದಾಜು, ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ. 2001ರಲ್ಲಿ ಬಂದ ಇನ್ನೊಂದು ಲೆಕ್ಕದಲ್ಲಿ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುತ್ತಾರೆ. ಅದರ ಪ್ರಕಾರ 55ಕ್ಕೆ 169.5 ಬರುತ್ತದೆ. ಪೇಸ್‌ಮೇಕರ್ ಇರುವವರು ಹಿಡಿಕೆಯಾಗಲಿ ಎದೆಪಟ್ಟಿಯಾಗಲಿ ಬಳಸುವ ಮೊದಲೇ ವೈದ್ಯರನ್ನು ಕೇಳಬೇಕು.

ಪ್ರಶ್ನೆ: ನನಗೆ 66. ಹಿಡಿಕೆ ಒರೆಸಿದ್ದಾಯಿತು, ವೈರ್ ನೋಡಿದ್ದಾಯಿತು. ಸುಮ್ಮನೆ ನಿಂತು ಹಿಡಿದರೂ 74, 131, 90 ಎಂದು ಕುಣಿಯುತ್ತದೆ. ಮನೆಯಲ್ಲಿ ಬೇರೆಯವರು ಹಿಡಿದರೆ ಸರಿಯಿರುತ್ತದೆ. ಕೈಯಲ್ಲಿ ಎಣಿಸೋಣವೆಂದರೆ ಎಣಿಕೆಯೇ ತಪ್ಪುತ್ತದೆ, ಬಡಿತ ಒಮ್ಮೆ ಬೇಗ ಒಮ್ಮೆ ತಡವಾಗಿ ಸಿಗುತ್ತದೆ.

ಉತ್ತರ: ನಿಮ್ಮ ಕೊನೆಯ ಸಾಲು ಓದಿ ಉಳಿದ ಪತ್ರಗಳನ್ನು ಬದಿಗಿಟ್ಟೆ. ಪತ್ರಿಕೆ ಕೈಸೇರುವವರೆಗೆ ಕಾಯಬಾರದೆಂದು ನಿಮಗೆ ಫೋನಿನಲ್ಲೂ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗೂ ಗೊತ್ತಾಗಲೆಂದು.

ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯರ ಮನೆಯಲ್ಲಿ ಇದೇ ದೂರಿಗೆ ಹಿಡಿಕೆಯ ಪಟ್ಟಿ ಬದಲಿಸಿದೆ. ಒಂದು ವಾರಕ್ಕೆ ಮತ್ತೆ ಕರೆದರು, ಡಿಸ್‌ಪ್ಲೇ ಬದಲಿಸಿದೆ. ನಾನು ಹಿಡಿದರೆ 78, ಅವರ ಮನೆಯವರು ಹಿಡಿದರೆ 82, ಅವರು ಹಿಡಿದರೆ ಮಾತ್ರ ಕುಣಿತ. ಒಣಚರ್ಮ ಎಂದು ಸಮಾಧಾನ ಹೇಳಿ ಬಂದೆ. ಮೂರನೆಯ ಸಲ ಹೋದಾಗ ಏನೋ ಅನ್ನಿಸಿ ಅವರ ಮಣಿಕಟ್ಟಿನ ಮೇಲೆ ಬೆರಳಿಟ್ಟೆ. ಎರಡು ಬಡಿತ ಒತ್ತೊತ್ತಾಗಿ ಬಂದವು, ಆಮೇಲೆ ಖಾಲಿ, ಆಮೇಲೆ ಒಂದು ತೆಳ್ಳನೆಯದು, ಮತ್ತೆ ಮೂರು. ಯಾವ ಲಯವೂ ಇರಲಿಲ್ಲ. ಅಂದೇ ಸಂಜೆ ಇಸಿಜಿ ಮಾಡಿಸಿದರು. ಏಟ್ರಿಯಲ್ ಫಿಬ್ರಿಲೇಶನ್, ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ತೊಂದರೆ. ಅದರಿಂದ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯವಿದೆಯೆಂದು ವೈದ್ಯರು ಔಷಧಿ ಶುರು ಮಾಡಿದರು. ಹಿಡಿಕೆ ಮೂರು ವಾರದಿಂದ ಇದನ್ನೇ ತೋರಿಸುತ್ತಿತ್ತು, ನಾನು ಹಿಡಿಕೆಯನ್ನೇ ಬದಲಿಸಿದ್ದೆ. ಆ ಮೂರು ವಾರದ ನೆನಪು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಈಗ ಯಾರ ಮನೆಗೆ ಹೋದರೂ ಉಪಕರಣದ ಪೆಟ್ಟಿಗೆ ತೆರೆಯುವ ಮೊದಲು ಅವರ ಒಪ್ಪಿಗೆ ಕೇಳಿ ನಾಡಿ ನೋಡುತ್ತೇನೆ.

ನಿಮ್ಮದೂ ಅದೇ ಎಂದು ನಾನು ಹೇಳುತ್ತಿಲ್ಲ, ಹೇಳುವ ಅರ್ಹತೆಯೂ ನನಗಿಲ್ಲ. ಅಪಾಯವಿಲ್ಲದ ಬಿಡಿ ಬಡಿತಗಳೂ ಹೀಗೆ ಲಯ ತಪ್ಪಿಸುತ್ತವೆ. ಯಾವುದೆಂದು ಇಸಿಜಿ ಹೇಳುತ್ತದೆ. ಲಯ ತಪ್ಪಿದ ನಾಡಿಯನ್ನು 15 ಸೆಕೆಂಡ್ ಎಣಿಸಿ ಗುಣಿಸಿದರೆ ಪ್ರಯೋಜನವಿಲ್ಲ. ಕೂತು, ತೋರುಬೆರಳು ಮಧ್ಯದ ಬೆರಳು ಹೆಬ್ಬೆರಳ ಬುಡದ ಕೆಳಗಿಟ್ಟು, ಪೂರ್ತಿ ಒಂದು ನಿಮಿಷ ಎಣಿಸಿ ಬರೆದುಕೊಳ್ಳಿ. ಹಿಡಿಕೆಯ ಅಂಕಿ ಅದಕ್ಕಿಂತ ಹೆಚ್ಚಿದ್ದರೆ ಅದನ್ನೂ ಬರೆಯಿರಿ. ಲಯ ತಪ್ಪಿದಾಗ ಕೆಲವು ದುರ್ಬಲ ಬಡಿತಗಳು ಮಣಿಕಟ್ಟಿನವರೆಗೆ ಮುಟ್ಟುವುದೇ ಇಲ್ಲ, ಹಿಡಿಕೆಗೆ ಮಾತ್ರ ಸಿಗುತ್ತವೆ. ಆ ಚೀಟಿಯನ್ನು ವೈದ್ಯರಿಗೆ ತೋರಿಸಿ. ಎದೆನೋವು, ಏದುಸಿರು, ತಲೆಸುತ್ತು ಜೊತೆಗಿದ್ದರೆ ಚೀಟಿ ಗೀಟಿ ಬೇಡ, ತಕ್ಷಣ ಆಸ್ಪತ್ರೆಗೆ ಹೊರಡಿ.

ವೈದ್ಯರು ನಡೆಯಬಹುದು ಎನ್ನುವವರೆಗೆ ಟ್ರೆಡ್‌ಮಿಲ್ ಹತ್ತಬೇಡಿ. ಹಿಡಿಕೆಯನ್ನು ಬಿಚ್ಚಲೂ ಹೋಗಬೇಡಿ, ಅದು ಸರಿಯಾಗಿದೆ. ಇಸಿಜಿಯಲ್ಲಿ ಏನು ಬಂತೆಂದು ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.