ಕಂಕುಳಿನ ಗಂಟು ತೋರಿಸುವ ಹಸಿರು ಮದ್ದು

ಪ್ರಶ್ನೆ: ಅಮ್ಮನಿಗೆ ಸ್ತನದ ಕ್ಯಾನ್ಸರ್, ಮುಂದಿನ ವಾರ ಮಂಗಳೂರಲ್ಲಿ ಆಪರೇಷನ್ ಉಂಟು. ಐಸಿಜಿ ಅಂತ ಹಸಿರು ಮದ್ದು ಚುಚ್ಚಿ ಕಂಕುಳಿನ ಗಂಟು (ಲಿಂಫ್ ಗ್ರಂಥಿ) ಹುಡುಕ್ತೇವೆ, ಅದು ಒಳಗೆ ಹೊಳೀತದೆ ಅಂದ್ರು ಡಾಕ್ಟರ್. ಮಲ್ಪೆ ಕಡಲಲ್ಲಿ ಕೆಲವು ರಾತ್ರಿ ತೆರೆ ನೀಲಿಯಾಗಿ ಹೊಳೀತದಲ್ಲ, ಹಾಗೆಯಾ? ರೇಡಿಯೇಷನ್ ಉಂಟಾ? ಹೊಳೆಯುವ ಮದ್ದಿನಿಂದಲೇ ಕ್ಯಾನ್ಸರ್ ಸಾಯಿಸ್ಲಿಕ್ಕೆ ಆಗುದಿಲ್ವಾ?
– ಓದುಗರು, ಕಾಪು

ಉತ್ತರ: ರೇಡಿಯೇಷನ್ ಇಲ್ಲ, ಆ ಭಯ ಬಿಡಿ. ಐಸಿಜಿ ಅಂದ್ರೆ ಇಂಡೋಸಯನೀನ್ ಗ್ರೀನ್, ಅಮೆರಿಕದಲ್ಲಿ 1959ರಲ್ಲೇ ಒಪ್ಪಿಗೆ ಸಿಕ್ಕಿದ ಬಣ್ಣ, ರಕ್ತಕ್ಕೆ ಸೇರಿದ್ದನ್ನು ಲಿವರ್ ಹೀರಿ ಪಿತ್ತದ ಜೊತೆ ಹೊರಗೆ ಹಾಕ್ತದೆ. ಚುಚ್ಚಿದಲ್ಲಿ ಚರ್ಮ ಸ್ವಲ್ಪ ದಿನ ಹಸಿರಾಗಿ ಕಾಣಬಹುದು. ಆದ್ರೆ ಇದರಲ್ಲಿ ಅಯೋಡಿನ್ ಅಂಶ ಉಂಟು, ಅಮ್ಮನಿಗೆ ಹಿಂದೆ ಯಾವ ಇಂಜೆಕ್ಷನಿಗಾದ್ರೂ ಅಲರ್ಜಿ ಆಗಿದ್ರೆ ಡಾಕ್ಟರ್ ಕೇಳುವವರೆಗೆ ಕಾಯದೆ ಈಗಲೇ ಹೇಳಿ, ದಯವಿಟ್ಟು.

ಮಲ್ಪೆಯದ್ದು ಬೇರೆ. ಅಲ್ಲಿ ನಾಕ್ಟಿಲೂಕಾ ಅನ್ನುವ ಒಂದೇ ಕೋಶದ ಜೀವಿ ತೆರೆ ಅಲುಗಿದಾಗ ತನ್ನ ಮೈಯಲ್ಲೇ ಬೆಳಕು ಮಾಡಿಕೊಳ್ತದೆ. ಐಸಿಜಿಗೆ ನಾವು ಬೆಳಕು ಕೊಡ್ಬೇಕು, ಸುಮಾರು 800 ನ್ಯಾನೋಮೀಟರಿನ ಇನ್ಫ್ರಾರೆಡ್, ಅದನ್ನು ನುಂಗಿ 830ರ ಆಸುಪಾಸಿನದ್ದನ್ನು ವಾಪಸ್ ಬಿಡ್ತದೆ, ಎರಡೂ ಕಣ್ಣಿಗೆ ಕಾಣುದಿಲ್ಲ, ಸ್ಪೆಷಲ್ ಕ್ಯಾಮೆರಾ ಹಿಡಿದು ಸ್ಕ್ರೀನಲ್ಲಿ ತೋರಿಸ್ತದೆ. ಟಿವಿ ರಿಮೋಟಿನ ತುದಿಯನ್ನು ಸೆಲ್ಫಿ ಕ್ಯಾಮೆರಾದ ಎದುರು ಹಿಡಿದು ಬಟನ್ ಒತ್ತಿ, ಹೆಚ್ಚಿನ ಮೊಬೈಲಲ್ಲಿ ನೇರಳೆ ಚುಕ್ಕಿ ಮಿನುಗ್ತದೆ, ಅದೇ ಜಾತಿಯ ಬೆಳಕು ಅದು. ಇದೇ ಬೆಳಕು ಯಾಕೆ ಅಂದ್ರೆ, ಕತ್ತಲಲ್ಲಿ ಮೊಬೈಲ್ ಟಾರ್ಚಿನ ಮೇಲೆ ಬೆರಳಿಟ್ಟು ನೋಡಿ, ಕೆಂಪು ಮಾತ್ರ ಹೊರಗೆ ಬರ್ತದೆ, ಹಸಿರು ನೀಲಿಯನ್ನೆಲ್ಲ ರಕ್ತ ಹೀರಿಬಿಡ್ತದೆ. ಕೆಂಪಿನ ಆಚೆಯದ್ದು ಇನ್ನೂ ಸುಲಭದಲ್ಲಿ ದಾಟ್ತದೆ. ಹಾಗಂತ ಒಂದು ಸೆಂಟಿಮೀಟರಿನಷ್ಟು ಆಳ ಅಷ್ಟೆ, ಸ್ಕ್ಯಾನಿನ ಬದಲಿಗೆ ಇದು ಆಗುದಿಲ್ಲ.

ಮುಖ್ಯ ವಿಷಯ ಇದು. ಸ್ತನದಿಂದ ಕ್ಯಾನ್ಸರ್ ಕೋಶ ಹೊರಟ್ರೆ ಸಾಮಾನ್ಯವಾಗಿ ಮೊದಲು ಸಿಕ್ಕುದು ಕಂಕುಳಿನ ಒಂದೆರಡು ಗಂಟು, ಸ್ತನಕ್ಕೆ ಚುಚ್ಚಿದ ಮದ್ದೂ ಅದೇ ದಾರಿಯಲ್ಲಿ ಹೋಗಿ ಅಲ್ಲೇ ಹೊಳೀತದೆ. ಅದನ್ನು ತೆಗೆದು ಪರೀಕ್ಷೆ ಮಾಡಿ ಕ್ಯಾನ್ಸರ್ ಇಲ್ಲ ಅಂತಾದ್ರೆ ಉಳಿದ ಗಂಟುಗಳನ್ನು ಸಾಮಾನ್ಯವಾಗಿ ತೆಗೀಲಿಕ್ಕಿಲ್ಲ. ಎಲ್ಲ ತೆಗೆದವರಲ್ಲಿ ಕೆಲವರ ಕೈ ಬಾತು ವರ್ಷಗಟ್ಟಲೆ ಭಾರವಾಗಿ ಇರ್ತದೆ, ನೀರು ತುಂಬಿದ ಕೊಡಪಾನ ಎತ್ತುದೂ ಕಷ್ಟ.

ಸಾಯಿಸುವ ಮದ್ದೂ ಉಂಟು. 5-ಎಎಲ್‌ಎ ಅನ್ನುವ ಮದ್ದು ಕುಡಿಸಿದ್ರೆ ಕೆಲವು ಮೆದುಳಿನ ಗಡ್ಡೆ ನೀಲಿ ಬೆಳಕಲ್ಲಿ ಕೆಂಪಾಗಿ ಹೊಳೀತದೆ, ಸರ್ಜನಿಗೆ ಅಂಚು ಕಾಣ್ತದೆ. ಅದನ್ನೇ ಚರ್ಮಕ್ಕೆ ಹಚ್ಚಿ ಬೆಳಕು ಬಿಟ್ರೆ ಅಲ್ಲಿನ ಆಮ್ಲಜನಕ ಉಗ್ರರೂಪಕ್ಕೆ ತಿರುಗಿ ಕೆಟ್ಟ ಕೋಶವನ್ನು ಸಾಯಿಸ್ತದೆ. ಆದ್ರೆ ಬೆಳಕು ಮುಟ್ಟುವಲ್ಲಿ ಮಾತ್ರ. ಅಮ್ಮನಿಗೆ ಕೊಡುವ ಐಸಿಜಿ ಗಂಟು ತೋರಿಸ್ಲಿಕ್ಕೆ ಮಾತ್ರ. ಗಂಟಿನ ರಿಪೋರ್ಟ್ ಆಪರೇಷನ್ ಟೇಬಲಲ್ಲೇ ಬರ್ತದಾ, ಆಮೇಲೆಯಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.